ಸಿಂಕಿಗೆ ಕೊರೆದ ಕಲ್ಲು, ಎದೆಗಿಳಿದ ಧೂಳು

ಗೃಹಪ್ರವೇಶಕ್ಕೆ ತಿಂಗಳೊಪ್ಪತ್ತು ಇರುವಾಗ ಬೆಂಗಳೂರಿನ ಹೊಸ ಮನೆಗಳಲ್ಲಿ ಅಡುಗೆಮನೆ ಕಟ್ಟೆಗೆ ಕಲ್ಲು ಕೂರಿಸುತ್ತಾರೆ. ಸಿಂಕ್ ಇಳಿಸಲು ಆ ಕಲ್ಲಿನಲ್ಲಿ ಒಂದು ಚೌಕ ಕೊರೆಯಬೇಕು. ಕೆಲಸದವನು ಪೆನ್ಸಿಲಿನಲ್ಲಿ ಗೆರೆ ಎಳೆದು, ಮೂಗಿಗೆ ಟವೆಲ್ ಬಿಗಿದು, ನಾಲ್ಕಿಂಚಿನ ಕಟರ್ ಹಿಡಿದು ಕುಕ್ಕರುಗಾಲಿನಲ್ಲಿ ಕೂರುತ್ತಾನೆ. ಅರ್ಧ ಗಂಟೆಯ ಕೆಲಸ. ಮುಗಿಯುವಷ್ಟರಲ್ಲಿ ರೆಪ್ಪೆ, ಹುಬ್ಬು, ತಲೆಗೂದಲೆಲ್ಲ ಬೆಳ್ಳಗಾಗಿರುತ್ತವೆ. ಪಕ್ಕದ ಕೋಣೆಯಲ್ಲಿ ಪುಟ್ಟಿ ಉಜ್ಜುವವನಿಗೂ ವೈರಿಂಗ್ ಮಾಡುವವನಿಗೂ ಆ ಧೂಳಿನ ಪಾಲು ಸಿಕ್ಕಿರುತ್ತದೆ.

ಆ ಒಂದು ಚೌಕದ ಲೆಕ್ಕ ಹಾಕಿ ನೋಡೋಣ. 24 ಇಂಚು ಉದ್ದ, 18 ಇಂಚು ಅಗಲ ಅಂದರೆ ಸುತ್ತಳತೆ 84 ಇಂಚು, ಅಂದಾಜು 213 ಸೆಂ.ಮೀ. ಕಲ್ಲಿನ ದಪ್ಪ 18 ಮಿ.ಮೀ. ಬ್ಲೇಡು ತಿನ್ನುವ ಸೀಳು 2 ಮಿ.ಮೀ. ಮೂರನ್ನೂ ಗುಣಿಸಿದರೆ ಸುಮಾರು 77 ಘನ ಸೆಂ.ಮೀ. ಕಲ್ಲು, ತೂಕದಲ್ಲಿ 200 ಗ್ರಾಂ, ಪುಡಿಯಾಗಿರುತ್ತದೆ. ಕಲ್ಲಿನಲ್ಲಿ ಶೇ 30ರಷ್ಟು ಬೆಣಚು (ಕ್ವಾರ್ಟ್ಜ್, ಅಂದರೆ ಸ್ಫಟಿಕರೂಪದ ಸಿಲಿಕಾ) ಇದೆ ಎಂದುಕೊಂಡರೆ 60 ಗ್ರಾಂ ಬೆಣಚಿನ ಪುಡಿ. ಇದರಲ್ಲಿ ಬಹುಪಾಲು ದಪ್ಪ ಪುಡಿ, ನೆಲಕ್ಕೆ ಬೀಳುತ್ತದೆ. ಸಾವಿರದಲ್ಲಿ ಒಂದೇ ಒಂದು ಪಾಲು ಶ್ವಾಸಕೋಶದ ಆಳಕ್ಕೆ ಹೋಗುವಷ್ಟು ನುಣ್ಣಗಾಗಿ ತೇಲಿತು ಎಂದು ಹಿಡಿಯಿರಿ: 60 ಮಿಲಿಗ್ರಾಂ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿರುವ ಗಾಳಿ 28 ಘನ ಮೀಟರ್. ಹಂಚಿದರೆ ಘನ ಮೀಟರಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಬೆಣಚು. ಅಮೆರಿಕದಲ್ಲಿ ಕಾರ್ಖಾನೆ ಮತ್ತು ಕಟ್ಟಡ ಕೆಲಸಗಳಿಗೆ 2016ರಲ್ಲಿ ಗೊತ್ತುಮಾಡಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, 0.05 ಮಿಲಿಗ್ರಾಂ. ನಲವತ್ತು ಪಟ್ಟಿಗೂ ಮೇಲಾಯಿತು.

ಅವನು ಎದ್ದು ಹೋದ ಮೇಲೂ ಆ ಗಾಳಿ ತಿಳಿಯಾಗುವುದಿಲ್ಲ. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಬೆಣಚಿನ ಕಣ ಅಲುಗಾಡದ ಗಾಳಿಯಲ್ಲಿ ಗಂಟೆಗೆ ಒಂದಡಿ ಮಾತ್ರ ಇಳಿಯುತ್ತದೆ. ಕಣ್ಣಿಗೆ ಕಾಣುವ ಬಿಳಿ ಹೊಗೆ ಹತ್ತು ಹದಿನೈದು ನಿಮಿಷದಲ್ಲಿ ಕುಳಿತುಬಿಡುತ್ತದೆ, ‘ಧೂಳು ಹೋಯ್ತು’ ಅಂದುಕೊಂಡು ಎಲ್ಲರೂ ಒಳಗೆ ಬರುತ್ತಾರೆ. ಅಪಾಯದ ಕಣಗಳು ಆಗಲೂ ಮೂಗಿನ ಮಟ್ಟದಲ್ಲೇ ತೇಲುತ್ತಿರುತ್ತವೆ.

ಬೆಣಚಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಹುಟ್ಟುವುದು ಹೀಗೆ. ಗಣಿಯ ಕಾಯಿಲೆ, ಕ್ವಾರಿಯ ಕಾಯಿಲೆ ಎಂದು ನಾವು ದೂರ ಇಟ್ಟಿದ್ದು ಈಗ ಊರ ನಡುವೆ, ಮೂರನೇ ಮಹಡಿಯ ಅಡುಗೆಮನೆಯಲ್ಲಿ ನಡೆಯುತ್ತಿದೆ. ನಮ್ಮ ಮುಖ್ಯ ಕಳವಳ ಒಂದೇ. ಈ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತದೆ. ಬೆಂಗಳೂರಿನ ಕಟ್ಟಡ ಕಾರ್ಮಿಕನ ಕೆಲಸದ ದಾಖಲೆ ಹತ್ತು ತಿಂಗಳೂ ಉಳಿಯುವುದಿಲ್ಲ. ಕಾಯಿಲೆ ಬಂದಾಗ ಅದು ಎಲ್ಲಿಂದ ಬಂತು ಎಂದು ತೋರಿಸಲು ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಎದೆಯೊಳಗೆ ಏನಾಗುತ್ತದೆ

ಮನುಷ್ಯನ ಕೂದಲಿನ ದಪ್ಪ 50ರಿಂದ 100 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗು, ಗಂಟಲು ಬಹುಪಾಲು ತಡೆದು ಸಿಂಬಳ, ಕಫವಾಗಿ ಹೊರಹಾಕುತ್ತವೆ. ನಾಲ್ಕೈದು ಮೈಕ್ರಾನಿಗಿಂತ ಚಿಕ್ಕವು ಶ್ವಾಸಕೋಶದ ತುತ್ತತುದಿಯ ಗಾಳಿಗೂಡುಗಳನ್ನು ತಲುಪುತ್ತವೆ. ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಕಣವನ್ನು ನುಂಗುತ್ತವೆ. ಬೇರೆ ಧೂಳಾದರೆ ಅಷ್ಟಕ್ಕೆ ಮುಗಿಯಬಹುದಿತ್ತು. ಬೆಣಚಿನ ಕಣ ನುಂಗಿದ ಕೋಶವನ್ನೇ ಕೊಲ್ಲುತ್ತದೆ. ಕೋಶ ಒಡೆದು ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಾವಿನಲ್ಲೂ ಉರಿಯೂತದ ರಾಸಾಯನಿಕಗಳು ಸುರಿಯುತ್ತವೆ, ಅವುಗಳ ಕರೆಗೆ ಗಾಯ ಮುಚ್ಚುವ ಕೋಶಗಳು ಬಂದು ನಾರು ಕಟ್ಟುತ್ತವೆ. ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾಗಿ ಗಂಟು ಬೆಳೆಯುತ್ತದೆ. ಕಣ ಕರಗುವುದಿಲ್ಲ. ಹಾಗಾಗಿ ಕೆಲಸ ಬಿಟ್ಟ ಮೇಲೂ ಗಂಟು ಬೆಳೆಯುತ್ತಲೇ ಇರಬಹುದು.

ಆಗಷ್ಟೇ ಒಡೆದ ಬೆಣಚು ಹಳೆಯ ಧೂಳಿಗಿಂತ ಹೆಚ್ಚು ವಿಷಕಾರಿ, ಏಕೆಂದರೆ ಹೊಸ ಮುರಿತದ ಮೇಲ್ಮೈ ರಾಸಾಯನಿಕವಾಗಿ ಚುರುಕಾಗಿರುತ್ತದೆ. ಹೊಲದ ಮಣ್ಣಿನಲ್ಲೂ ಬೆಣಚು ಇದೆ. ಉಳುವ ರೈತನಿಗಿಂತ ಕಟರ್ ಹಿಡಿದವನಿಗೆ ಅಪಾಯ ಎಷ್ಟೋ ಪಾಲು ಹೆಚ್ಚಾಗಲು ಇದೂ ಒಂದು ಕಾರಣ. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವ ಬ್ಲೇಡು ಹುಟ್ಟಿಸುವ ಪ್ರತಿ ಕಣವೂ ಹೊಸ ಮುರಿತ, ಬಾಯಿಂದ ಒಂದೂವರೆ ಅಡಿ ದೂರದಲ್ಲಿ.

ಧೂಳು ಸಾಧಾರಣವಾಗಿದ್ದರೆ ರೋಗ ಹತ್ತು ವರ್ಷಕ್ಕೂ ಮೇಲೆ ತೋರುತ್ತದೆ. ದಟ್ಟವಾಗಿದ್ದರೆ ಐದರಿಂದ ಹತ್ತು ವರ್ಷ. ವಿಪರೀತವಾದರೆ ಕೆಲವು ತಿಂಗಳುಗಳಲ್ಲೇ ಗಾಳಿಗೂಡುಗಳಲ್ಲಿ ದ್ರವ ತುಂಬುವ ತೀವ್ರ ರೂಪ. ಮೊದಲು ಮೆಟ್ಟಿಲು ಹತ್ತುವಾಗ ದಮ್ಮು, ಒಣಕೆಮ್ಮು. ‘ಬೀಡಿ ಸೇದ್ತೀನಲ್ಲ, ಅದಕ್ಕೆ’ ಎಂದು ಸುಮ್ಮನಾಗುತ್ತಾರೆ. ನಂತರ ಚೀಲ ಎತ್ತಲು ಆಗುವುದಿಲ್ಲ. ಕೊನೆಗೆ ಕೂತಲ್ಲೇ ಉಸಿರು ಸಾಲದು. ಗಾಯವಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಕೆಲವರಲ್ಲಿ ನಾರುಗಟ್ಟುವ ವೇಗ ತಗ್ಗಿಸುವ ಮಾತ್ರೆಗಳು ಬಂದಿವೆ ಅಷ್ಟೆ. ಇದರ ಮೇಲೆ ಕ್ಯಾನ್ಸರ್: ಕೆಲಸದ ಜಾಗದ ಸ್ಫಟಿಕರೂಪದ ಸಿಲಿಕಾ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ.

ಕಲ್ಲಿದ್ದಲಿನಿಂದ ಕಲಿತದ್ದು

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ನಮಗೆ ಹತ್ತಿರದ್ದು ತೆಲಂಗಾಣದ ಸಿಂಗರೇಣಿ. ಆದರೂ ಕಲ್ಲಿದ್ದಲಿನ ಕಥೆ ನಮಗೆ ಬೇಕು. ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ಕಪ್ಪು ಮಚ್ಚೆಗಳನ್ನು ಮಾಡುತ್ತದೆ. ಕೆಲವರಲ್ಲಿ ಮಚ್ಚೆಗಳು ಕೂಡಿ ಒಂದು ಸೆಂ.ಮೀ.ಗಿಂತ ದೊಡ್ಡ ಗಡ್ಡೆಗಳಾಗುತ್ತವೆ. ಅಮೆರಿಕದಲ್ಲಿ 1969ರ ಗಣಿ ಕಾಯ್ದೆ ಧೂಳಿಗೆ ಮಿತಿ ಹಾಕಿದ ಮೇಲೆ ಈ ಕಾಯಿಲೆ ದಶಕಗಳ ಕಾಲ ಇಳಿಯುತ್ತ ಬಂತು. ಎರಡು ಸಾವಿರದ ಈಚೆಗೆ ಅಪಲೇಚಿಯ ಬೆಟ್ಟಸಾಲಿನಲ್ಲಿ ಮತ್ತೆ ಏರಿತು. 2018ರಲ್ಲಿ ಪ್ರಕಟವಾದ ಎಕ್ಸ್‌ರೇ ಸಮೀಕ್ಷೆಯಲ್ಲಿ, ಆ ಪ್ರದೇಶದ ಮಧ್ಯಭಾಗದ ಗಣಿಗಳಲ್ಲಿ 25 ವರ್ಷಕ್ಕೂ ಹೆಚ್ಚು ದುಡಿದ ಐವರಲ್ಲಿ ಒಬ್ಬರಿಗೆ ರೋಗವಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಕಲ್ಲು. ದಪ್ಪ ಪದರಗಳು ಮುಗಿದು ತೆಳು ಪದರಗಳು ಉಳಿದಿದ್ದವು. ಯಂತ್ರ ಅಷ್ಟು ತೆಳು ಜಾಗದಲ್ಲಿ ಹಿಡಿಸದ ಕಾರಣ ಮೇಲಿನ, ಕೆಳಗಿನ ಬಂಡೆಯನ್ನೂ ಸೇರಿಸಿ ಕೊರೆಯುತ್ತಿತ್ತು. ಕಲ್ಲಿದ್ದಲ ಧೂಳಿನ ಒಟ್ಟು ತೂಕವನ್ನಷ್ಟೇ ನೋಡುತ್ತಿದ್ದ ಕಡೆ ಅದರೊಳಗಿನ ಬೆಣಚು ಕಣ್ತಪ್ಪಿತು. ಅಲ್ಲಿನ ಗಣಿ ಸುರಕ್ಷತಾ ಇಲಾಖೆ ಸಿಲಿಕಾಕ್ಕೆಂದೇ ಘನ ಮೀಟರಿಗೆ 50 ಮೈಕ್ರೋಗ್ರಾಂ ಮಿತಿಯ ನಿಯಮ ಪ್ರಕಟಿಸಿದ್ದು 2024ರಲ್ಲಿ. ಧೂಳು ಎಷ್ಟಿದೆ ಎಂಬುದರ ಜೊತೆಗೆ ಧೂಳಿನಲ್ಲಿ ಏನಿದೆ ಎಂಬುದನ್ನೂ ಕೇಳಬೇಕು. ಬೆಂಗಳೂರಿನಲ್ಲಿ ನಾವು ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ ಚರ್ಚೆ ಮಾಡುತ್ತೇವೆ. ಸರ್ಕಲ್ಲಿನಲ್ಲಿ ನಿಂತ ಆ ಮಾಪಕಕ್ಕೆ ಮೂರನೇ ಮಹಡಿಯ ಅಡುಗೆಮನೆ ಕಾಣುವುದಿಲ್ಲ.

ಕೋಲಾರದಲ್ಲಿ ಲೆಕ್ಕವಿತ್ತು

ದೇಶದಲ್ಲಿ ಸಿಲಿಕೋಸಿಸ್ ಮೊದಮೊದಲು ದಾಖಲಾದದ್ದು ಬೆಂಗಳೂರಿನಿಂದ ನೂರು ಕಿ.ಮೀ. ಒಳಗೆ, ಕೋಲಾರ ಚಿನ್ನದ ಗಣಿಯಲ್ಲಿ. ಅಲ್ಲಿ ಚಿನ್ನ ಸಿಗುತ್ತಿದ್ದುದೇ ಬೆಣಚಿನ ಸಿರೆಗಳಲ್ಲಿ. ನೆಲದಡಿ ಮೂರು ಕಿ.ಮೀ.ಗೂ ಮೀರಿದ ಆಳದಲ್ಲಿ ಅದನ್ನು ಕೊರೆದು, ಸಿಡಿಸಿ, ಮೇಲೆತ್ತಿ ಪುಡಿ ಮಾಡುತ್ತಿದ್ದರು. 1940ರ ದಶಕದಲ್ಲೇ ಸಾವಿರಾರು ಕಾರ್ಮಿಕರ ಎದೆ ಪರೀಕ್ಷೆ ನಡೆದು ರೋಗದ ವ್ಯಾಪ್ತಿ ಬೆಳಕಿಗೆ ಬಂತು. ಗಣಿ ಕಾರ್ಮಿಕರ ಆರೋಗ್ಯಕ್ಕೆಂದು ಕೇಂದ್ರ ಸರ್ಕಾರ 1990ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆಯೂ ಕೆಜಿಎಫ್‌ನಲ್ಲೇ ಶುರುವಾಯಿತು, ಆಮೇಲೆ ನಾಗಪುರಕ್ಕೆ ಹೋಯಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಕೋಲಾರದ ಗಣಿ ಕಾರ್ಮಿಕರು ಅನುಭವಿಸಿದ್ದು ಸಣ್ಣ ಸಂಕಟವಲ್ಲ. ಆದರೂ ಅಲ್ಲಿ ಒಂದು ಅನುಕೂಲವಿತ್ತು: ಒಬ್ಬನೇ ಮಾಲೀಕ, ಒಂದೇ ಆಸ್ಪತ್ರೆ, ಹಾಜರಿ ಪುಸ್ತಕ, ಹೆಸರಿಗೊಂದು ಎಕ್ಸ್‌ರೇ. 1955ರ ಗಣಿ ನಿಯಮದಂತೆ ಕಾರ್ಮಿಕನನ್ನು ಸೇರಿಸಿಕೊಳ್ಳುವಾಗ ಒಮ್ಮೆ, ಆಮೇಲೆ ಐದು ವರ್ಷ ಮೀರದಂತೆ ಮತ್ತೆ ಮತ್ತೆ ವೈದ್ಯಕೀಯ ಪರೀಕ್ಷೆ ಆಗಬೇಕಿತ್ತು. ಹಾಗಾಗಿ ಎಣಿಸಲು ಸಾಧ್ಯವಾಗುತ್ತಿತ್ತು.

ಬೆಂಗಳೂರಿನ ಕಟರ್ ಕೆಲಸದವನನ್ನು ಎಣಿಸುವವರು ಯಾರು? ಅವನು ರಾಯಚೂರಿನಿಂದಲೋ ಯಾದಗಿರಿಯಿಂದಲೋ ಒಡಿಶಾದಿಂದಲೋ ಬಂದಿರುತ್ತಾನೆ. ಕಟರ್ ಅವನದೇ. ಕೂಲಿ ಅಡಿ ಲೆಕ್ಕ. ಇವತ್ತು ಸರ್ಜಾಪುರ ರಸ್ತೆ, ಮುಂದಿನ ವಾರ ಹೆಣ್ಣೂರು, ಹಬ್ಬಕ್ಕೆ ಊರು. ಮೇಸ್ತ್ರಿಯ ಪುಸ್ತಕದಲ್ಲಿ ಅಡ್ಡಹೆಸರು, ಪಕ್ಕದಲ್ಲಿ ಅಡ್ವಾನ್ಸಿನ ಮೊತ್ತ. ದಮ್ಮು ಜಾಸ್ತಿಯಾದಾಗ ಅವನು ಊರಿಗೆ ಹೋಗುತ್ತಾನೆ, ಸಾವೂ ಅಲ್ಲೇ. ಹೀಗಾಗಿ ರೋಗ ಹುಟ್ಟುವ ಜಿಲ್ಲೆ ಒಂದು, ಲೆಕ್ಕಕ್ಕೆ ಬರಬೇಕಾದ ಜಿಲ್ಲೆ ಇನ್ನೊಂದು. ಎರಡೂ ಕಡೆ ಅದು ಬರೆಯಲ್ಪಡುವುದಿಲ್ಲ.

ಎಲ್ಲ ಕಲ್ಲೂ ಒಂದೇ ಅಲ್ಲ

ಅಂಗಡಿಯಲ್ಲಿ ಗ್ರಾನೈಟ್ ಎಂದು ಮಾರುವುದೆಲ್ಲ ಭೂವಿಜ್ಞಾನದ ಗ್ರಾನೈಟ್ ಅಲ್ಲ. ಚಾಮರಾಜನಗರ ಕಡೆಯ ಅಪ್ಪಟ ಕಪ್ಪು ಕಲ್ಲು ಡಾಲರೈಟ್ ಜಾತಿಯದು, ಅದರಲ್ಲಿ ಬೆಣಚು ಶೇ 5ರ ಆಸುಪಾಸಿಗಿಂತ ಹೆಚ್ಚಿರುವುದು ಅಪರೂಪ. ಇಳಕಲ್‌ನ ಕೆಂಗಲ್ಲು ನಿಜವಾದ ಗ್ರಾನೈಟ್. ಬೆಂಗಳೂರಿನ ಅಡಿಯಲ್ಲೇ ಹಾಸಿರುವ, ಲಾಲ್‌ಬಾಗಿನ ಗುಡ್ಡದಲ್ಲಿ ತಲೆ ಎತ್ತಿರುವ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಕೂಡ ಬೆಣಚು ತುಂಬಿದ ಕಲ್ಲೇ. ಇವುಗಳಲ್ಲಿ ಬೆಣಚು ಶೇ 20ರಿಂದ 45ರವರೆಗೆ. ಅಮೃತಶಿಲೆ, ಸುಣ್ಣಕಲ್ಲುಗಳಲ್ಲಿ ಶೇ 2ರಷ್ಟು. ಮರಳುಗಲ್ಲಿನಲ್ಲಿ ಶೇ 70ರಿಂದ 90. ಕಾಂಕ್ರೀಟು, ಗಾರೆಯಲ್ಲಿ ಶೇ 25ರಿಂದ 70, ಟೈಲ್ಸ್‌ನಲ್ಲಿ 30ರಿಂದ 45, ಇಟ್ಟಿಗೆಯಲ್ಲಿ 30ರವರೆಗೆ. ಪೈಪು ಕೂರಿಸಲು ಗೋಡೆ ಕೊರೆಯುವ ಪ್ಲಂಬರ್, ವೈರು ಎಳೆಯಲು ಗೋಡೆ ಸೀಳುವ ಎಲೆಕ್ಟ್ರಿಷಿಯನ್ ತಾವು ಕಲ್ಲಿನ ಕೆಲಸದವರು ಅಂದುಕೊಂಡಿರುವುದಿಲ್ಲ. ಅವರೂ ಈ ಪಟ್ಟಿಯಲ್ಲಿದ್ದಾರೆ.

ಎಲ್ಲಕ್ಕಿಂತ ಕೆಟ್ಟದ್ದು ಈಚಿನ ‘ಕ್ವಾರ್ಟ್ಜ್ ಟಾಪ್’. ಬೆಣಚಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ ಈ ಹಲಗೆಯಲ್ಲಿ ಸಿಲಿಕಾ ಶೇ 90ರ ಮೇಲೂ ಇರಬಹುದು. ಮೇಲೆ ಹಾಕಿದ ಸಿಂಕಿನ ಲೆಕ್ಕದಲ್ಲಿ ಕಲ್ಲು ಬದಲಿಸಿ ನೋಡಿ, ನಲವತ್ತು ಪಟ್ಟು ಇದ್ದದ್ದು ನೂರು ದಾಟುತ್ತದೆ. ಆಸ್ಟ್ರೇಲಿಯಾದಲ್ಲಿ ಮೂವತ್ತು ನಲವತ್ತರ ವಯಸ್ಸಿನ ಕೆಲಸಗಾರರಿಗೆ ವೇಗದ ಸಿಲಿಕೋಸಿಸ್ ಬಂದು, 2024ರ ಜುಲೈ 1ರಿಂದ ಆ ದೇಶ ಈ ಹಲಗೆಗಳನ್ನೇ ನಿಷೇಧಿಸಿತು. ಇಲ್ಲಿ ಅದು ‘ಕಲೆ ಹಿಡಿಯದ ಕಟ್ಟೆ’ ಎಂದು ಮಾರಾಟವಾಗುತ್ತಿದೆ. ಮನೆ ಮಾಡಿಸುವವರು ಕಲ್ಲು ಆರಿಸುವಾಗ ಇದನ್ನು ಬಿಟ್ಟು ಕಪ್ಪು ಕಲ್ಲು ಹಾಕಿಸಿದರೆ, ಅಷ್ಟರಿಂದಲೇ ಕೊರೆಯುವವನ ಅಪಾಯ ಎಷ್ಟೋ ಪಾಲು ಇಳಿಯುತ್ತದೆ. ಇಷ್ಟು ಸುಲಭದ, ಇಷ್ಟು ದೊಡ್ಡ ಪರಿಣಾಮದ ತೀರ್ಮಾನ ಈ ವಿಷಯದಲ್ಲಿ ಬೇರೊಂದಿಲ್ಲ.

ನೀರು ಯಾಕೆ ಹಾಕುವುದಿಲ್ಲ

ಧೂಳು ಹುಟ್ಟುವ ಬಾಯಲ್ಲೇ ಅದನ್ನು ಒದ್ದೆ ಮಾಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಸರಿಯಾಗಿ ಮಾಡಿದರೆ ಧೂಳಿನ ಹತ್ತರಲ್ಲಿ ಎಂಟೊಂಬತ್ತು ಪಾಲು ತಗ್ಗುತ್ತದೆ. ಕೈಯಲ್ಲಿ ಹಿಡಿಯುವ ದೊಡ್ಡ ಕಟ್ಟಿಂಗ್ ಮೆಷಿನ್ನಿಗೆ ಬ್ರಿಟನ್ನಿನ ಸುರಕ್ಷತಾ ಇಲಾಖೆ ಹೇಳುವ ಕನಿಷ್ಠ ಪ್ರಮಾಣ ನಿಮಿಷಕ್ಕೆ ಅರ್ಧ ಲೀಟರ್. ಬಾಟಲಿ ಮುಚ್ಚಳಕ್ಕೆ ತೂತು ಹೊಡೆದು ಹೆಲ್ಪರ್ ಹುಡುಗ ಆಗಾಗ ಚಿಮುಕಿಸುವುದು ಇದಕ್ಕೆ ಸಮವಲ್ಲ. ನೀರು ನಿಂತ ಹತ್ತು ಸೆಕೆಂಡಿನಲ್ಲಿ ಬ್ಲೇಡಿನ ಬಿಸಿಗೆ ಕಲ್ಲು ಒಣಗಿ ಮತ್ತೆ ಹೊಗೆ ಏಳುತ್ತದೆ, ಮೇಲಾಗಿ ಆ ಹುಡುಗನ ಮುಖವೂ ಧೂಳಿನ ದಾರಿಯಲ್ಲೇ ಇರುತ್ತದೆ. ಬ್ಲೇಡಿನ ಎರಡೂ ಬದಿಗೆ ಒಂದೇ ಸಮನೆ ನೀರು ಬೀಳುವಂತೆ ಗಾರ್ಡಿಗೆ ಸಣ್ಣ ಪೈಪು ಜೋಡಿಸಿದ ಕಟರ್‌ಗಳು ಇವೆ. ಇಪ್ಪತ್ತು ಲೀಟರಿನ ಕ್ಯಾನನ್ನು ಎತ್ತರಕ್ಕಿಟ್ಟು ಟ್ಯೂಬ್ ಇಳಿಸಿದರೂ ನಡೆಯುತ್ತದೆ.

ಹಾಗಾದರೆ ಯಾಕೆ ಹಾಕುವುದಿಲ್ಲ? ಕೆಲಸಗಾರನಿಗೆ ಅರಿವಿಲ್ಲ ಎಂದು ಬರೆಯುವುದು ಸುಲಭ, ಅದು ಸರಿಯಲ್ಲ. ಅವನ ಮೊದಲ ಭಯ ಕರೆಂಟು, ಮತ್ತು ಆ ಭಯ ನ್ಯಾಯವಾದದ್ದು. ಸೈಟಿನ ತಾತ್ಕಾಲಿಕ ಲೈನಿಗೆ ಅರ್ತಿಂಗ್ ಇರುವುದಿಲ್ಲ, ವೈರಿನ ಜಾಯಿಂಟು ಇನ್ಸುಲೇಷನ್ ಟೇಪಿನಲ್ಲಿ ಸುತ್ತಿ ಒದ್ದೆ ನೆಲದಲ್ಲಿ ಬಿದ್ದಿರುತ್ತದೆ, ಪ್ಲಗ್ಗಿನ ಬದಲು ಎರಡು ಬರಿ ತಂತಿಯನ್ನು ಸಾಕೆಟ್ಟಿಗೆ ತುರುಕಿ ಕಡ್ಡಿ ಸಿಕ್ಕಿಸಿರುತ್ತಾರೆ. ಇಂಥಲ್ಲಿ ನೀರು ಹಾಕು ಎನ್ನುವುದು ಶ್ವಾಸಕೋಶ ಉಳಿಸಲು ಪ್ರಾಣ ಪಣಕ್ಕಿಡು ಎಂದಂತೆ. ಆದ್ದರಿಂದ ನೀರಿಗಿಂತ ಮುಂಚೆ ಬೋರ್ಡು ಸರಿಯಾಗಬೇಕು: 30 ಮಿಲಿಆಂಪಿಯರಿಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು), ಅದರ ಟೆಸ್ಟ್ ಬಟನ್ ದಿನಾ ಬೆಳಿಗ್ಗೆ ಒತ್ತಿ ನೋಡುವ ರೂಢಿ, ನಡುವೆ ಜಾಯಿಂಟಿಲ್ಲದ ಕೇಬಲ್, ನೆಲಕ್ಕೆ ತಾಗದಂತೆ ತೂಗುಹಾಕಿದ ದಾರಿ. ನೀರಿಗೆಂದೇ ಮಾಡದ ಮಾಮೂಲಿ ಗ್ರೈಂಡರಿನ ಮೇಲೆ ನೀರು ಸುರಿಯಲೇಬಾರದು. ಪಾಲಿಶ್ ಕೆಲಸಕ್ಕೆ ಗಾಳಿಯಿಂದ ತಿರುಗುವ ಗ್ರೈಂಡರ್ ಇದ್ದರೆ ಈ ತೊಂದರೆಯೇ ಇಲ್ಲ.

ಎರಡನೆಯ ಕಾರಣ ಇಂಟೀರಿಯರ್. ಮರದ ಕೆಲಸ, ಬಣ್ಣ ಮುಗಿದ ಮೇಲೆ ಕಲ್ಲು ಬರುತ್ತದೆ, ರಾಡಿ ನೀರು ಗೋಡೆಗೆ ಸಿಡಿಯುವುದನ್ನು ಮನೆಯವರು ಒಪ್ಪುವುದಿಲ್ಲ. ಇದಕ್ಕೆ ಉತ್ತರ ಕೆಲಸದ ಸರದಿಯಲ್ಲಿದೆ. ಕಲ್ಲನ್ನು ಬಣ್ಣಕ್ಕೆ ಮೊದಲೇ ಕೂರಿಸಬೇಕು. ಇಲ್ಲವೆಂದರೆ ಪ್ಲೈವುಡ್ ಹಾಳೆಯಲ್ಲಿ ಕಟ್ಟೆಯ ಅಚ್ಚು ತೆಗೆದು, ಸಿಂಕ್ ಮತ್ತು ಸ್ಟವ್ ಕೂರುವ ತೂತು ಸಮೇತ ಕಲ್ಲಿನ ಅಂಗಡಿಯಲ್ಲೇ ದೊಡ್ಡ ನೀರಿನ ಮೆಷಿನ್ನಿನಲ್ಲಿ ಕೊರೆಸಿ ತರಬೇಕು. ಜಿಗಣಿ ಸುತ್ತಮುತ್ತ ಇಂಥ ಮೆಷಿನ್ನುಗಳು ಬೇಕಾದಷ್ಟಿವೆ. ಮನೆಯಲ್ಲಿ ಉಳಿಯುವುದು ಎಲ್ಲೋ ಒಂದೆರಡು ಅಂಚು ಸರಿಪಡಿಸುವ ಕೆಲಸ. ಅದನ್ನು ಬಾಲ್ಕನಿಯಲ್ಲೋ ಕೆಳಗೆ ಬಯಲಲ್ಲೋ, ಗಾಳಿಗೆ ಬೆನ್ನು ಕೊಟ್ಟು ಮಾಡಬಹುದು.

ಒದ್ದೆ ಮಾಡಿದ ಮೇಲೆ ರಾಡಿಯನ್ನು ಮರೆಯುವುದು ಇನ್ನೊಂದು ತಪ್ಪು. ನೆಲದಲ್ಲಿ ಬಿಟ್ಟ ರಾಡಿ ಮರುದಿನ ಒಣಗಿ ಬೂದಿಯಂತಾಗುತ್ತದೆ, ಯಾರೋ ಪೊರಕೆ ಹಿಡಿದು ಗುಡಿಸುತ್ತಾರೆ, ನಿನ್ನೆ ತಡೆದದ್ದೆಲ್ಲ ಇಂದು ಗಾಳಿಗೆ ಏಳುತ್ತದೆ. ಗುಡಿಸುವವರು ಬಹುತೇಕ ಹೆಂಗಸರು, ಅವರ ಮೂಗಿಗೆ ಸೆರಗು ಬಿಟ್ಟರೆ ಏನೂ ಇಲ್ಲ. ರಾಡಿಯನ್ನು ಹಸಿಯಿದ್ದಾಗಲೇ ಎತ್ತಿ ಚೀಲಕ್ಕೆ ತುಂಬಬೇಕು. ಕೊನೆಗೆ ಕಂಪ್ರೆಸರ್ ಗಾಳಿಯಿಂದ ಮೈ, ಬಟ್ಟೆ ಕೊಡವಿಕೊಳ್ಳುವ ಅಭ್ಯಾಸ ಕಲ್ಲಿನ ಫ್ಯಾಕ್ಟರಿಗಳಲ್ಲಿ ಉಂಟಲ್ಲ, ಅದನ್ನು ಇವತ್ತೇ ನಿಲ್ಲಿಸಬೇಕು.

ಮಾಸ್ಕಿನ ಮಿತಿ

ಟವೆಲ್, ಕರ್ಚೀಫು, ಸರ್ಜಿಕಲ್ ಮಾಸ್ಕು ಇವ್ಯಾವುವೂ ನಾಲ್ಕು ಮೈಕ್ರಾನಿನ ಕಣವನ್ನು ನಂಬುವಂತೆ ತಡೆಯುವುದಿಲ್ಲ. ಎನ್‌95 ಅಥವಾ ಎಫ್‌ಎಫ್‌ಪಿ2 ತಡೆಯುತ್ತದೆ, ಮುಖಕ್ಕೆ ಅಂಟಿ ಕೂತರೆ ಮಾತ್ರ. ಮೂಗಿನ ತಂತಿಯನ್ನು ಎರಡೂ ಕೈಯಿಂದ ಒತ್ತಿ, ಎರಡೂ ಪಟ್ಟಿಯನ್ನು ತಲೆಯ ಹಿಂದೆ ಹಾಕಿ, ಜೋರಾಗಿ ಉಸಿರು ಬಿಟ್ಟಾಗ ಅಂಚಿನಿಂದ ಗಾಳಿ ಸೋರಬಾರದು. ಎರಡು ದಿನದ ಗಡ್ಡ ಇದ್ದರೂ ಸೋರುತ್ತದೆ. ಸರಿಯಾಗಿ ಕೂತಾಗಲೂ ಇಂಥ ಮಾಸ್ಕು ಧೂಳನ್ನು ಹತ್ತರಲ್ಲೊಂದು ಪಾಲಿಗೆ ಇಳಿಸುತ್ತದೆ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಸಿಂಕಿನ ಅಡುಗೆಮನೆಯಲ್ಲಿ ಧೂಳು ಮಿತಿಯ ನಲವತ್ತು ಪಟ್ಟು ಇತ್ತು. ಹತ್ತರಿಂದ ಭಾಗಿಸಿದರೂ ನಾಲ್ಕು ಪಟ್ಟು ಉಳಿಯಿತು. ಅದಕ್ಕೇ ಮೊದಲು ನೀರು, ಆಮೇಲೆ ಮಾಸ್ಕು. ಒಣ ಕೊರೆತಕ್ಕೆ ಮಾಸ್ಕು ಕೊಟ್ಟು ಜವಾಬ್ದಾರಿ ಮುಗಿಯಿತು ಎನ್ನುವ ಕಂಟ್ರಾಕ್ಟರಿಗೆ ಈ ಭಾಗಾಕಾರ ತೋರಿಸಬೇಕು.

ಕ್ರಷರ್ ಮತ್ತು ಎಂ ಸ್ಯಾಂಡ್

ಹೊಳೆ ಮರಳು ಸಿಗದಂತಾದ ಮೇಲೆ ಬೆಂಗಳೂರು ಕಟ್ಟಿಕೊಳ್ಳುತ್ತಿರುವುದು ಎಂ ಸ್ಯಾಂಡಿನಿಂದ, ಅಂದರೆ ಪುಡಿ ಮಾಡಿದ ಬಂಡೆಯಿಂದ. ಊರ ಸುತ್ತಲಿನ ಕ್ರಷರ್‌ಗಳಲ್ಲಿ ಕಲ್ಲು ಬೀಳುವ ಬಾಯಿ, ಜರಡಿ, ಬೆಲ್ಟಿನ ತುದಿ, ಲಾರಿಗೆ ಸುರಿಯುವ ಜಾಗ ಇವು ನಾಲ್ಕು ಧೂಳಿನ ಬುಗ್ಗೆಗಳು. ನೀರಿನ ನಾಜಲ್, ಜರಡಿಗೆ ಶೀಟಿನ ಮುಚ್ಚಿಗೆ, ಬೆಲ್ಟಿಗೆ ಹೊದಿಕೆ, ಗಾಳಿ ತಡೆಯುವ ಗೋಡೆ ಎಲ್ಲವೂ ಲೈಸೆನ್ಸಿನ ಕಾಗದದಲ್ಲಿ ಇರುತ್ತವೆ. ಎರಡು ಕಡೆ ಕೈಕೊಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ನಾಜಲ್ ತೂತಿನಲ್ಲಿ ಸುಣ್ಣ ಕಟ್ಟಿ, ಮಂಜಿನಂತೆ ಬರಬೇಕಾದ ನೀರು ದಾರದಂತೆ ಬರುತ್ತದೆ. ದಾರದಂತಹ ನೀರು ಕಲ್ಲನ್ನು ತೋಯಿಸುತ್ತದೆ, ಗಾಳಿಯ ಕಣವನ್ನು ಹಿಡಿಯುವುದಿಲ್ಲ. ಇನ್ನೊಂದು, ಒದ್ದೆಯಾದ ನುಣುಪು ಪುಡಿ ಜರಡಿಯ ಕಣ್ಣು ಮುಚ್ಚುತ್ತದೆ. ಉತ್ಪಾದನೆ ಇಳಿದದ್ದೇ ಆಪರೇಟರ್ ಪಂಪು ಆಫ್ ಮಾಡುತ್ತಾನೆ. ಜರಡಿಯ ಬಳಿ ನೀರಿನ ಬದಲು, ಪೂರ್ತಿ ಮುಚ್ಚಿ ಧೂಳನ್ನು ಬ್ಯಾಗ್ ಫಿಲ್ಟರಿಗೆ (ಬಟ್ಟೆ ಚೀಲದ ಫಿಲ್ಟರಿಗೆ) ಎಳೆಯುವ ಏರ್ಪಾಡು ಬೇಕು.

ಯಂತ್ರದಿಂದ ಗೊತ್ತುಮಾಡಿದ ದೂರದಲ್ಲಿ ತೇಲುವ ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು ಎಂಬುದು ಕ್ರಷರ್‌ಗೆ ಇರುವ ಪರಿಸರ ಮಿತಿ. ಅದು ಒಟ್ಟು ಧೂಳು. ಕೆಲಸಗಾರನ ಉಸಿರಿಗೆ 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ಸೂತ್ರ ಬೇರೆ: 10ನ್ನು, ಬೆಣಚಿನ ಶೇಕಡಾವಾರಿಗೆ 2 ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕಿತ್ತು. ಶೇ 30 ಬೆಣಚಿದ್ದರೆ ಒಳಸೇರುವ ಧೂಳಿನ ಮಿತಿ 0.31 ಮಿಲಿಗ್ರಾಂ. ಅದರೊಳಗಿನ ಬೆಣಚು 0.09 ಮಿಲಿಗ್ರಾಂ ಆಗುತ್ತದೆ, ಅಮೆರಿಕದ ಮಿತಿಯ ಹೆಚ್ಚುಕಡಿಮೆ ಇಮ್ಮಡಿ.

ಅಳೆಯುವುದು ದೊಡ್ಡ ವಿದ್ಯೆಯಲ್ಲ. ಕಾರ್ಮಿಕನ ಸೊಂಟಕ್ಕೆ ಪುಟ್ಟ ಪಂಪು, ಕಾಲರಿಗೆ ದಪ್ಪ ಕಣಗಳನ್ನು ಬೇರ್ಪಡಿಸುವ ಸೈಕ್ಲೋನ್, ಅದರ ಮೇಲೆ 37 ಮಿ.ಮೀ. ಫಿಲ್ಟರ್. ನಿಮಿಷಕ್ಕೆ 1.7 ಲೀಟರಿನಂತೆ ಎಂಟು ಗಂಟೆಯಲ್ಲಿ 816 ಲೀಟರ್ ಗಾಳಿ ಹಾಯುತ್ತದೆ. 0.05ರ ಮಿತಿಯ ಮಟ್ಟದ ಗಾಳಿಯಾದರೆ ಫಿಲ್ಟರಿನ ಮೇಲೆ ಕೂರುವ ಬೆಣಚು 41 ಮೈಕ್ರೋಗ್ರಾಂ. ಇಷ್ಟು ಸಣ್ಣ ತೂಕವಾದ್ದರಿಂದ ತಪ್ಪುಗಳೂ ಸಣ್ಣ ಕಾರಣಕ್ಕೇ ಆಗುತ್ತವೆ: ಪಂಪಿನ ವೇಗವನ್ನು ಮೊದಲೂ ಕೊನೆಗೂ ಪರಿಶೀಲಿಸದಿರುವುದು, ಕಳಚುವಾಗ ಸೈಕ್ಲೋನ್ ತಲೆಕೆಳಗಾಗಿ ದಪ್ಪ ಪುಡಿ ಫಿಲ್ಟರಿಗೆ ಬೀಳುವುದು, ಅಥವಾ ಕಾರ್ಮಿಕನಿಗೆ ತೊಡಿಸುವ ಬದಲು ಮೂಲೆಯ ಸ್ಟ್ಯಾಂಡಿಗೆ ಕಟ್ಟಿ ‘ಮಿತಿಯೊಳಗಿದೆ’ ಎಂದು ಬರೆಯುವುದು. ವರದಿ ಓದುವವರು ಮೊದಲು ಕೇಳಬೇಕಾದದ್ದು ಫಿಲ್ಟರ್ ಯಾರ ಕಾಲರಿನಲ್ಲಿತ್ತು ಎಂದು.

ಟಿಬಿ ಎಂದು ಬರೆದ ಚೀಟಿ

ಸಿಲಿಕೋಸಿಸ್ ಗಂಟುಗಳು ಶ್ವಾಸಕೋಶದ ಮೇಲ್ಭಾಗದಲ್ಲಿ ಹೆಚ್ಚು. ಟಿಬಿಯೂ ಅಲ್ಲೇ ಹೆಚ್ಚು. ಕೆಮ್ಮು, ತೂಕ ಇಳಿತ, ಸುಸ್ತು ಎರಡರಲ್ಲೂ ಒಂದೇ. ಸರದಿಯಲ್ಲಿ ನೂರು ಜನ ಕಾಯುತ್ತಿರುವ ಒಪಿಡಿಯಲ್ಲಿ ಎಕ್ಸ್‌ರೇ ಹಿಡಿದ ವೈದ್ಯರಿಗೆ ಟಿಬಿ ನೆನಪಾಗುವುದು ಸಹಜ. ಕಫದಲ್ಲಿ ರೋಗಾಣು ಸಿಗದಿದ್ದರೂ ಆರು ತಿಂಗಳ ಮಾತ್ರೆ ಶುರುವಾಗುತ್ತದೆ. ಮುಗಿದ ಮೇಲೂ ದಮ್ಮು ಇಳಿದಿಲ್ಲವೆಂದರೆ ಇನ್ನೊಂದು ಸುತ್ತು. ಅಷ್ಟರಲ್ಲಿ ಅವನು ಮತ್ತೆ ಕಟರ್ ಹಿಡಿದಿರುತ್ತಾನೆ, ‘ನಿನಗೆ ಧೂಳಿನ ಕಾಯಿಲೆ’ ಎಂದು ಯಾರೂ ಹೇಳಿರುವುದಿಲ್ಲವಲ್ಲ.

ಇನ್ನೂ ತೊಡಕೆಂದರೆ ಎರಡೂ ಒಟ್ಟಿಗೆ ಬರುತ್ತವೆ. ಬೆಣಚು ಕೊಂದ ಕಾವಲು ಕೋಶಗಳೇ ಟಿಬಿ ರೋಗಾಣುವನ್ನು ತಡೆಯಬೇಕಾದವು, ಆದ್ದರಿಂದ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಅಪಾಯ ಮೂರು ನಾಲ್ಕು ಪಟ್ಟು ಹೆಚ್ಚು. ಹಾಗಾಗಿ ಕಫ ಪರೀಕ್ಷೆ ಆಗಲೇಬೇಕು, ಟಿಬಿ ಇದ್ದರೆ ಪೂರ್ತಿ ಚಿಕಿತ್ಸೆ ಆಗಲೇಬೇಕು, ಅವಧಿ ಹಿಗ್ಗಿಸಬೇಕೇ ಎಂದು ವೈದ್ಯರು ನೋಡಬೇಕು. ಟಿಬಿ ಇಲ್ಲವೆಂದು ಖಚಿತವಾದವರಿಗೆ ಮುಂದೆ ಬರದಂತೆ ತಡೆಯುವ ಮಾತ್ರೆ ಕೊಡಬಹುದು. ದೇಶದ 2021ರ ಮಾರ್ಗಸೂಚಿಯಲ್ಲಿ ಸಿಲಿಕೋಸಿಸ್ ರೋಗಿಗಳು ಆ ಪಟ್ಟಿಯಲ್ಲಿದ್ದಾರೆ.

ವೈದ್ಯರು ಕೇಳಬೇಕಾದ ಪ್ರಶ್ನೆ ‘ಏನು ಕೆಲಸ?’ ಎಂದಲ್ಲ, ಅದಕ್ಕೆ ‘ಕೂಲಿ’ ಎಂಬ ಒಂದೇ ಉತ್ತರ ಬರುತ್ತದೆ. ಹದಿನೆಂಟರ ವಯಸ್ಸಿನಿಂದ ಇಲ್ಲಿಯವರೆಗೆ ಏನೇನು ಕೆಲಸ, ಎಷ್ಟೆಷ್ಟು ವರ್ಷ, ಕಲ್ಲು ಕೊರೆದದ್ದು ಒಣಗಲೋ ಒದ್ದೆಯೋ, ಜೊತೆಗೆ ದುಡಿದವರಿಗೆ ಯಾರಿಗಾದರೂ ದಮ್ಮು ಇದೆಯೋ ಎಂದು ಕೇಳಬೇಕು. ಎಕ್ಸ್‌ರೇಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾದರಿ ಫಿಲಂಗಳ ಪಕ್ಕದಲ್ಲಿಟ್ಟು ಓದಬೇಕು: ಚುಕ್ಕಿಯ ಗಾತ್ರ 1.5 ಮಿ.ಮೀ.ವರೆಗೆ ಇದ್ದರೆ ಪಿ, 3ರವರೆಗೆ ಕ್ಯೂ, 10ರವರೆಗೆ ಆರ್. ದಟ್ಟಣೆಗೆ ಸೊನ್ನೆಯಿಂದ ಮೂರರ ಅಂಕ. ಹೀಗೆ ಬರೆದ ವರದಿ ಮಾತ್ರ ಪರಿಹಾರದ ಕಡತದಲ್ಲಿ ನಿಲ್ಲುತ್ತದೆ. ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ) ಸರಿಯಿದೆ ಎಂದು ರೋಗವಿಲ್ಲ ಎನ್ನುವಂತಿಲ್ಲ, ಶುರುವಿನಲ್ಲಿ ಅದು ಸರಿಯೇ ಇರಬಹುದು. ಬೆಂಗಳೂರಿಗೆ ಈ ವಿದ್ಯೆಯ ಕೊರತೆಯಿಲ್ಲ: ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ದೇವನಹಳ್ಳಿ ತಾಲ್ಲೂಕಿನಲ್ಲಿ ಐಸಿಎಂಆರ್‌ನ ದಕ್ಷಿಣ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ. ಅವುಗಳ ಬಾಗಿಲಿಗೆ ಕಲ್ಲಿನ ಕೆಲಸದವನನ್ನು ಕಳಿಸುವ ಚೀಟಿ ಬರೆಯುವವರು ಬೇಕು.

ಕಾಗದ ಮತ್ತು ಹಣ

ಸಿಲಿಕೋಸಿಸ್ ಕಂಡ ವೈದ್ಯರು ಅದನ್ನು ಸರ್ಕಾರಕ್ಕೆ ತಿಳಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 89ನೇ ಸೆಕ್ಷನ್ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಆ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. ತಿಳಿಸುವ ಕರ್ತವ್ಯ ಹಾಗೆಯೇ ಉಳಿದಿದೆ. ಇಎಸ್‌ಐನಲ್ಲಿ ಹೆಸರಿದ್ದವನಿಗೆ ಸಿಲಿಕೋಸಿಸ್ ಔದ್ಯೋಗಿಕ ರೋಗವೆಂದು ತೀರ್ಮಾನವಾದರೆ ಚಿಕಿತ್ಸೆಯ ಜೊತೆಗೆ ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕ ಮಾಸಿಕ ಹಣ, ಪೂರ್ಣ ವೈಕಲ್ಯವಾದರೆ ಕೂಲಿಯ ಶೇ 90ರವರೆಗೆ, ತೀರಿಕೊಂಡರೆ ಅವಲಂಬಿತರಿಗೆ ಪಿಂಚಣಿ ಸಿಗುತ್ತದೆ. ಜಿಗಣಿಯ ಫ್ಯಾಕ್ಟರಿಯಲ್ಲಿ ಹಾಜರಿ ಇರುವವನಿಗೆ ಈ ದಾರಿ ತೆರೆದಿದೆ. ಅಡಿ ಲೆಕ್ಕದ ಕೂಲಿಯವನಿಗೆ ಇಲ್ಲ. ಅವನಿಗೆ ಉಳಿದದ್ದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ: ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ. ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಈ ಮಂಡಳಿಗೆ ಬರುತ್ತದೆ.

ರಾಜಸ್ಥಾನ 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗೆಂದೇ ನೀತಿ ಮಾಡಿತು. ರೋಗ ದೃಢಪಟ್ಟಾಗ 3 ಲಕ್ಷ, ಸತ್ತಾಗ ಕುಟುಂಬಕ್ಕೆ 2 ಲಕ್ಷ ರೂಪಾಯಿ, ನಡುವೆ ಪಿಂಚಣಿ. ಮಾಲೀಕ ಯಾರು ಎಂದು ಕಾರ್ಮಿಕನೇ ಸಾಬೀತು ಮಾಡಲಿ ಎಂದು ಅದು ಕಾಯುವುದಿಲ್ಲ. ಸೆಸ್ ಹಣ ಇರುವ ಕರ್ನಾಟಕಕ್ಕೆ ಇದು ಕಷ್ಟದ ಕೆಲಸವಲ್ಲ. ಮಂಡಳಿಯ ಕಾರ್ಡ್ ನವೀಕರಣದ ದಿನವೇ ಕಲ್ಲು, ಟೈಲ್ಸ್, ಕೋರ್ ಕಟ್ಟಿಂಗ್, ಒಡೆಯುವ ಕೆಲಸದವರಿಗೆ ಒಂದು ಎಕ್ಸ್‌ರೇ ತೆಗೆದು, ಆ ಚಿತ್ರವನ್ನು ಕಾರ್ಡಿನ ಸಂಖ್ಯೆಗೆ ಜೋಡಿಸಿ ಇಟ್ಟರೆ ಸೈಟು ಬದಲಾದರೂ ದಾಖಲೆ ಅವನ ಜೊತೆ ಹೋಗುತ್ತದೆ. ಕೋಲಾರದ ಗಣಿ ಆಸ್ಪತ್ರೆ ಮಾಡುತ್ತಿದ್ದುದು ಇದನ್ನೇ.

ಅಲ್ಲಿಯವರೆಗೆ ಕಾರ್ಮಿಕನೇ ಕೆಲವು ಚೂರುಗಳನ್ನು ಕೂಡಿಡಬೇಕು. ಸೈಟಿನ ಹೆಸರು, ತಿಂಗಳು, ಮೇಸ್ತ್ರಿಯ ಹೆಸರು, ಮಾಡಿದ ಕೆಲಸ ಇಷ್ಟನ್ನು ಮೊಬೈಲಿನಲ್ಲಿ ತನಗೇ ಒಂದು ವಾಯ್ಸ್ ಮೆಸೇಜಾಗಿ ಕಳಿಸಿಕೊಂಡರೂ ಸಾಕು, ದಿನಾಂಕ ಅದರಲ್ಲೇ ಬೀಳುತ್ತದೆ. ಗೇಟ್ ಪಾಸು, ಫೋನ್‌ಪೇಯಲ್ಲಿ ಬಂದ ಕೂಲಿಯ ವಿವರ, ಕಟರ್ ಹಿಡಿದು ನಿಂತ ಫೋಟೊ ಎಲ್ಲವೂ ಪುರಾವೆ. ಎಕ್ಸ್‌ರೇ ಫಿಲಂ ಆಸ್ಪತ್ರೆಯಲ್ಲಿ ಬಿಟ್ಟು ಬರಬಾರದು, ಸಿಡಿ ಕೊಟ್ಟರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಹಳೆಯ ಟಿಬಿ ಚಿಕಿತ್ಸೆಯ ಕಾರ್ಡನ್ನೂ, ರೋಗಾಣು ಇಲ್ಲ ಎಂದ ಕಫದ ವರದಿಯನ್ನೂ ಮನೆಯವರು ಎಸೆಯಬಾರದು. ಊರಿನಲ್ಲಿ ಸಾವಾದಾಗ ಮರಣ ಪ್ರಮಾಣಪತ್ರದ ಕಾರಣದ ಸಾಲಿನಲ್ಲಿ ‘ಉಸಿರಾಟದ ತೊಂದರೆ’ ಎಂದಷ್ಟೇ ಬರೆದುಬಿಡುತ್ತಾರೆ. ಆಗ ಆ ಹಳೆಯ ಫಿಲಂ ಮತ್ತು ಕಫದ ವರದಿಯನ್ನು ವೈದ್ಯರ ಮುಂದಿಟ್ಟು ಸಿಲಿಕೋಸಿಸ್ ಎಂಬ ಹೆಸರನ್ನು ಬರೆಸಿಕೊಳ್ಳಬೇಕು, ಏಕೆಂದರೆ ಅವಲಂಬಿತರ ಅರ್ಜಿ ನೋಡುವ ಗುಮಾಸ್ತ ಮೊದಲು ಓದುವುದು ಆ ಸಾಲನ್ನು.